ಉಳಿದಿದ್ದ ಒಂದು ವಿಷಯ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ. ನೆನೆದಿದ್ದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಡ್ಯೂಟಿಗೆ ಉಡಬೇಕಿದ್ದ ಸೀರೆಗೆ ಇಸ್ತ್ರಿ ಹಾಕಿದೆ. ಉಪ್ಪಿಟ್ಟಿಗೆ ರವೆ ಸುರಿಯುತ್ತಿದ್ದಾಗ ಅರಕಲಗೂಡಿನಿಂದ ಫೋನ್ ಬಂತು. ಮಾತಾಡಿ ಇಡುವಷ್ಟರಲ್ಲಿ ರವೆ ತಳ ಹಿಡಿದಿತ್ತು. ಬಾಣಲೆಗೆ ನೀರು ಹಾಕಿ ಹಿತ್ತಲಲ್ಲಿ ಇಟ್ಟು ಬಂದು, ಮನೆಯವರಿಗೆ ಅಂಗಡಿಯಿಂದ ಬ್ರೆಡ್ ತರಿಸಿದೆ. ಹತ್ತು ಗಂಟೆಗೆ ಪರೀಕ್ಷೆ ಕೋಣೆಯಲ್ಲಿ ನಿಂತೆ. ಮಧ್ಯಾಹ್ನ ಮಣ್ಣಿಗೆ ಹೋಗಿ ಬಂದೆ. ತಲೆಗೆ ನೀರು ಹಾಕಿಕೊಂಡೆ. ಒಣಗಿದ ಬಟ್ಟೆ ತಂದು ಮಡಚಿದೆ.

ಇಷ್ಟು ಆ ದಿನದ ಕೆಲಸ. ದಿನಾ ಇಷ್ಟೇ ಬರೆದು ಮುಗಿಸುವವಳು ನಾನು. ಆದರೆ ಅವತ್ತು ಹೋದವರ ವಿಷಯ ಇಷ್ಟರಲ್ಲಿ ಮುಗಿಯುವುದಿಲ್ಲ.

ಅವರು ಹೊಳೆನರಸೀಪುರದ ನಮ್ಮ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ನಾನು ಕನ್ನಡ. ಅರಕಲಗೂಡಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ. ಅವರ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿದವಳಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಹುಡುಗರಿಗೆ ಅವರು ‘ಮೇಡಂ’, ನಾನು ‘ಮಿಸ್ಸು’. ಕೆಲಸಕ್ಕೆ ಸೇರಿ ಎಷ್ಟು ವರ್ಷವಾದರೂ ನನಗೆ ಮೇಡಂ ಎಂಬ ಬಡ್ತಿ ಸಿಗಲಿಲ್ಲ. ಅವರು ನಿವೃತ್ತರಾದ ಮೇಲೂ ಆ ಜಾಗ ಖಾಲಿಯೇ ಇತ್ತು.

ಕುಳ್ಳಗೆ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುವವರು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಬೆರಳ ತುದಿಗಳು ಸದಾ ಕಂದು ಬಣ್ಣ. ಸಿಲ್ವರ್ ನೈಟ್ರೇಟ್ ತಾಗಿದರೆ ಹಾಗಾಗುತ್ತದಂತೆ, ತೊಳೆದರೆ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಕೈ ಹಿಡಿದು ನೋಡುತ್ತಿದ್ದರು.

“ಯಾವ್ ಮದ್ವೆಗೋಗಿದ್ರಿ ಮೇಡಮ್ಮೋರೆ? ಗೋರಂಟಿ ಚೆನ್ನಾಗ್ ಅತ್ಕಂಡೈತೆ.”

“ನಮ್ ಲ್ಯಾಬಲ್ಲಿ ದಿನಾ ಮದ್ವೆ ಕಣವ್ವ. ಇವತ್ತು ಕೂಡೋದು, ನಾಳೆ ಬಿಡೋದು” ಎನ್ನುತ್ತಿದ್ದರು. ನಗುತ್ತಿರಲಿಲ್ಲ. ನಗುವ ಕೆಲಸವನ್ನು ಯಾವಾಗಲೂ ಎದುರಿನವರಿಗೆ ಬಿಡುತ್ತಿದ್ದರು.

ಅವರನ್ನು ನೋಡಬೇಕೆಂದರೆ ಅಡ್ಮಿಷನ್ ದಿನಗಳಲ್ಲಿ ನೋಡಬೇಕಿತ್ತು. ಎಸ್‌ಎಸ್‌ಎಲ್‌ಸಿ ಪಾಸಾದ ಮಕ್ಕಳು, ಜೊತೆಗೆ ಅಪ್ಪನೋ ಮಾವನೋ ಚಿಕ್ಕಪ್ಪನೋ, ವರಾಂಡದ ತುಂಬ ನಿಂತಿರುತ್ತಿದ್ದರು. ಒಳಗೆ ಮೇಜಿನ ಹಿಂದೆ ನಾವು ಮೂರು ನಾಲ್ಕು ಜನ. ಯಾವ ಕಾಂಬಿನೇಷನ್ ಎಂದು ಅಲ್ಲಿ ತೀರ್ಮಾನವಾಗಬೇಕು: ಸೈನ್ಸ್, ಕಾಮರ್ಸ್, ಆರ್ಟ್ಸ್. ನಾವೆಲ್ಲ ಮೊದಲು ಅಂಕಪಟ್ಟಿಗೆ ಕೈ ಚಾಚುತ್ತಿದ್ದೆವು. ಅವರು ಮಾತ್ರ ಮಗುವಿನ ಮುಖ ನೋಡಿ, “ಯಾವ ಬಸ್ಸು?” ಎಂದು ಕೇಳುತ್ತಿದ್ದರು.

ಹೊಸದಾಗಿ ಬಂದಿದ್ದ ಫಿಸಿಕ್ಸ್ ಸರ್ ಒಂದು ಸಲ ತಮಾಷೆ ಮಾಡಿದರು. “ಮೇಡಂ, ನೀವು ಲೆಕ್ಚರರ್ರೋ ಕಂಡಕ್ಟರ್ರೋ?”

“ಇಲ್ಲಿ ವಿಷಯ ಆರಿಸೋದು ಹುಡುಗರು ಅಂದ್ಕೊಂಡಿದೀರಾ? ಅವರಪ್ಪಂದಿರು ಅಂದ್ಕೊಂಡಿದೀರಾ?” ಎಂದರು ಅವರು. “ಬಸ್ಸು ಸಾರ್ ಆರಿಸೋದು. ನಾಲ್ಕು ಗಂಟೆ ಬಸ್ಸಿನೋರಿಗೆ ಆರ್ಟ್ಸು. ಆರು ಗಂಟೆಗೂ ಬಸ್ಸಿರೋರಿಗೆ ಸೈನ್ಸು.”

ಮಾತು ನಿಜವಾಗಿತ್ತು. ಸೈನ್ಸಿನವರಿಗೆ ಪ್ರಾಕ್ಟಿಕಲ್ ಮಧ್ಯಾಹ್ನದ ಮೇಲೆ. ಮುಗಿಯುವಾಗ ಹಳೇಕೋಟೆ ಕಡೆಯ ಕೆಲವು ಹಳ್ಳಿಗಳಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಹೆಣ್ಣುಮಕ್ಕಳ ಮನೆಯವರು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಅವ್ಳಿಗೆ ಆರ್ಟ್ಸೇ ಇಷ್ಟುವಂತೆ” ಎನ್ನುತ್ತಿದ್ದರು.

ಇದನ್ನು ಅವರು ಕಲಿತದ್ದು ಚನ್ನರಾಯಪಟ್ಟಣದಲ್ಲಿ, ಮೊದಲ ಕೆಲಸದಲ್ಲಿ. ಶಾಂತಿಗ್ರಾಮದ ಕಡೆಯ ಒಬ್ಬ ಹುಡುಗಿ ಪ್ರಾಕ್ಟಿಕಲ್ ಮುಗಿಯುವ ಮುಂಚೆಯೇ ಪರೀಕ್ಷಾನಳಿಕೆ ಇಟ್ಟು ಓಡುತ್ತಿದ್ದಳಂತೆ. ಇವರು ಎರಡು ಸಲ ಎಲ್ಲರೆದುರು ಬೈದರು. ಮೂರನೇ ಸಲ ಅವಳು ಓಡಲಿಲ್ಲ, ಪೂರ್ತಿ ಮುಗಿಸಿ ಹೋದಳು. ಮತ್ತೆ ಕಾಲೇಜಿಗೆ ಬರಲಿಲ್ಲ. ಆಮೇಲೆ ಯಾವಾಗಲೋ ಇವರು ಹಾಸನಕ್ಕೆ ಹೋಗುವಾಗ ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತ್ತು. ಅವಳು ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ಕಿಟಕಿಯ ಹತ್ತಿರ ಬಂದು ನಗುತ್ತಲೇ ಹೇಳಿದಳಂತೆ: “ಅವತ್ತು ಬಸ್ ತಪ್ಪೋಯ್ತು ಮೇಡಂ. ಅಪ್ಪ ಬುಡ್ಸ್ಬುಟ್ರು.” ಈ ಕತೆಯನ್ನು ಮೇಡಂ ನನಗೆ ಹೇಳಿದ್ದು ಒಂದೇ ಸಲ. ಹೇಳಿ, ಡಬ್ಬಿಯ ಮೊಸರನ್ನ ಮುಚ್ಚಿಟ್ಟುಬಿಟ್ಟರು.

ನಮ್ಮ ಕಾಲೇಜಿನಲ್ಲಿ ಬೆಳಿಗ್ಗೆ ಒಂದು ಬ್ಯಾಚು ಪ್ರಾಕ್ಟಿಕಲ್ ಶುರುವಾದದ್ದು ಅವರಿಂದ. ಪ್ರಿನ್ಸಿಪಾಲರು ಒಪ್ಪಿರಲಿಲ್ಲ. “ಅಷ್ಟು ಬೇಗ ಯಾರ್ ಬರ್ತಾರೆ ಮೇಡಂ?” ಎಂದರು.

“ಹಳೇಕೋಟೆ ಬಸ್ಸು ಬರುತ್ತೆ ಸಾರ್. ನಾನೂ ಬರ್ತೀನಿ.”

ಬಂದರು. ಅರಕಲಗೂಡಿನಿಂದ ಕತ್ತಲಲ್ಲೇ ಹೊರಟು ಬಂದು, ಲ್ಯಾಬಿನ ಬೀಗ ತಾವೇ ತೆಗೆದು, ನಿವೃತ್ತಿಯಾಗುವವರೆಗೂ ಹಾಗೆಯೇ ಬಂದರು. ಇದಕ್ಕಾಗಿ ಯಾರೂ ಅವರಿಗೆ ಹಾರ ಹಾಕಲಿಲ್ಲ. ಗ್ಯಾಸು ಜಾಸ್ತಿ ಖರ್ಚಾಗುತ್ತದೆ ಎಂದು ಒಂದು ಮೆಮೊ ಮಾತ್ರ ಬಂದಿತ್ತು.

ಅಡ್ಮಿಷನ್ನಿನಲ್ಲಿ ಒಂದು ಮೇಡಂ ಆದರೆ, ಫಲಿತಾಂಶದ ದಿನ ಇನ್ನೊಂದು ಮೇಡಂ. ದ್ವಿತೀಯ ಪಿಯುಸಿ ರಿಸಲ್ಟ್ ಬಂತೆಂದರೆ ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಮ್ಮ ನಮ್ಮ ವಿಷಯದ ಶೇಕಡಾವಾರು ಲೆಕ್ಕ ಹಾಕುವುದು, ಡಿಸ್ಟಿಂಕ್ಷನ್ ಬಂದವರ ಫೋಟೋ ತರಿಸುವುದು. ಅವರು ಒಂದೋ ಎರಡೋ ವಿಷಯದಲ್ಲಿ ಹೋದವರು ಯಾರು, ಯಾವ ಊರು ಎಂದು ಕೇಳಿ ತಿಳಿದುಕೊಂಡು, ಭಾನುವಾರ ಆ ಊರಿನ ಬಸ್ಸು ಹತ್ತುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ.

ನಮ್ಮ ಕಡೆ ಒಂದು ನಂಬಿಕೆ ಇದೆ. ಒಂದು ವಿಷಯದಲ್ಲಿ ಫೇಲಾದರೆ ‘ಪಿಯುಸಿ ಹೋಯ್ತು’ ಎನ್ನುತ್ತಾರೆ. ಪಾಸಾದ ಐದೂ ಅದರ ಜೊತೆ ಹೋದವು, ಇನ್ನು ಮೊದಲಿಂದ ಆರೂ ಬರೆಯಬೇಕು ಎಂದೇ ತಿಳಿದಿರುತ್ತಾರೆ. ಹೆಣ್ಣುಮಕ್ಕಳ ಮನೆಯಲ್ಲಿ ಈ ನಂಬಿಕೆ ಇನ್ನೂ ಗಟ್ಟಿ, ಯಾಕೆಂದರೆ ಅದರ ಹಿಂದೆಯೇ ಮದುವೆಯ ಮಾತು ಬರುತ್ತದೆ. ಪಾಸಾದದ್ದು ಪಾಸಾದದ್ದೇ, ಉಳಿದದ್ದನ್ನಷ್ಟೇ ಬರೆದರೆ ಸಾಕು ಎಂದು ಹೇಳುವುದಕ್ಕೇ ಅವರು ಬಸ್ಸು ಹತ್ತಿ ಹೋಗುತ್ತಿದ್ದದ್ದು.

ಸಾಲಗಾಮೆ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು, ಇಂಗ್ಲಿಷಿನಲ್ಲಿ ಹೋಗಿದ್ದಳು. ನಾವು ಬರುವುದನ್ನು ದೂರದಿಂದ ಕಂಡ ಮನೆಯವರು ಒಳಗಿನಿಂದ ಅಗಳಿ ಹಾಕಿಕೊಂಡರು. ನಾನು “ಹೋಗೋಣ ಬನ್ನಿ ಮೇಡಂ” ಎಂದೆ. ಅವರು ಜಗುಲಿಯ ಮೇಲೆ ಕೂತು ಕಾಲು ಚಾಚಿದರು. “ಕೂತ್ಕೊಳಿ. ಸಂಜೆ ಹಸ ಬರ್ತವೆ. ಹಾಲು ಕರೆಯೋಕಾದ್ರೂ ಬಾಗಿಲು ತೆಗೀಲೇಬೇಕಲ್ಲ.”

ತೆಗೆದರು. ತೆಗೆದವನು ಹುಡುಗಿಯ ಅಪ್ಪ. ಅವನ ಕೈಯಲ್ಲಿದ್ದ ಬಕೀಟು ನೋಡುತ್ತ ಮೇಡಂ ಕೇಳಿದರು: “ಎಷ್ಟು ಹಸ ಕಟ್ಟಿದೀರಿ ಯಜಮಾನ್ರೆ?”

“ಆರು.”

“ಒಂದು ಒದ್ದು ಹಾಲು ಕೊಡ್ಲಿಲ್ಲ ಅಂತ ಐದನ್ನೂ ಸಂತೆಗೆ ಹೊಡೀತೀರಾ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, “ಲೇ, ಬಾರವ್ವ ಈಚೆಗೆ, ನಿಮ್ ಮೇಡಮ್ಮೋರು ಬಂದವ್ರೆ” ಎಂದು ಮಗಳನ್ನು ಕೂಗಿದ. ಆ ಹುಡುಗಿ ಈಗ ಹಾಸನದಲ್ಲಿ ನರ್ಸ್.

ಎಲ್ಲ ಕಡೆಯೂ ಹೀಗೆ ಸಲೀಸಾಗಿ ಆಗುತ್ತಿರಲಿಲ್ಲ. ಆಗದೇ ಹೋದ ಮನೆಗಳಲ್ಲಿ ಚೈತ್ರಳದೂ ಒಂದು. ಮೇಡಂ ಹೋದ ದಿನದ ಬಗ್ಗೆ ಬರೆಯುವುದೆಂದರೆ ಅವಳ ಬಗ್ಗೆಯೂ ಬರೆಯಬೇಕು.

ಚೈತ್ರ ಹಳೇಕೋಟೆ ಕಡೆಯವಳು. ಕಾಲೇಜಿಗೆ ಸೇರಲು ಬಂದಾಗ ಅವಳ ಅಪ್ಪ ಅರ್ಜಿಯಲ್ಲಿ ಆರ್ಟ್ಸ್ ಎಂದು ಬರೆಸಿಕೊಂಡೇ ಬಂದಿದ್ದ. ಮೇಡಂ ಬಸ್ಸು ಕೇಳಿದರು. ಆಮೇಲೆ ಅಂಕಪಟ್ಟಿ ನೋಡಿದರು. ಗಣಿತಕ್ಕೂ ವಿಜ್ಞಾನಕ್ಕೂ ಒಳ್ಳೆಯ ಅಂಕ ಇದ್ದವು.

“ಆರ್ಟ್ಸ್ ಯಾಕಮ್ಮ?”

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ, “ನಮ್ಮಕ್ಕನ್ ಮಗ್ಳೂ ಅದ್ನೇ ಓದಿದ್ಲು ಮೇಡಮ್ಮೋರೆ. ಸುಲಭುವಂತೆ” ಎಂದ.

“ಅದು ನಿಮ್ಮಕ್ಕನ ಮಗಳು. ನಾನು ಕೇಳ್ತಿರೋದು ಇವಳನ್ನ.”

ಚೈತ್ರ ಮೆಲ್ಲಗೆ, “ಲ್ಯಾಬ್ ನೋಡ್ಬೋದಾ ಮೇಡಂ?” ಎಂದಳು.

ಕರೆದುಕೊಂಡು ಹೋದರು. ತಿರುಗಿ ಬಂದಾಗ ಹುಡುಗಿಯ ಕಣ್ಣು ಅರಳಿದ್ದವು. ಮೇಡಂ ಆರ್ಟ್ಸ್ ಎಂಬುದನ್ನು ಹೊಡೆದು ಸೈನ್ಸ್ ಎಂದು ಬರೆದರು. “ಎಚ್ಚುಕಮ್ಮಿ ಆದ್ರೆ ನಿಮ್ದೇ ಜವಾಬ್ದಾರಿ” ಎಂದು ಅಪ್ಪ ಅಂದ. “ನಂದೇ” ಎಂದರು.

ಮೊದಲ ವರ್ಷ ಚೆನ್ನಾಗಿಯೇ ಓದಿದಳು. ಎರಡನೆಯ ವರ್ಷದ ಕೊನೆಯಲ್ಲಿ, ಹದಿನೆಂಟು ತುಂಬುವುದನ್ನೇ ಕಾದಿದ್ದವರಂತೆ, ಸಂಬಂಧ ಗೊತ್ತು ಮಾಡಿದರು. ಪರೀಕ್ಷೆಯ ಹಿಂದುಮುಂದಿನಲ್ಲೇ ನಿಶ್ಚಿತಾರ್ಥ. ಫಲಿತಾಂಶ ಬಂದಾಗ ಐದರಲ್ಲಿ ಪಾಸಾಗಿ ಒಂದರಲ್ಲಿ ಹೋಗಿದ್ದಳು. ಆ ಒಂದು ಕೆಮಿಸ್ಟ್ರಿ.

“ನಿಮ್ ಹುಡುಗಿ ನಿಮ್ ಸಬ್ಜೆಕ್ಟಲ್ಲೇ ಹೋಗ್ಬಿಟ್ಲಲ್ಲ ಮೇಡಂ” ಎಂದು ಫಿಸಿಕ್ಸ್ ಸರ್ ನೊಂದೇ ಹೇಳಿದರು. ಅವರು “ಹೂಂ” ಎಂದಷ್ಟೇ ಅಂದು ಕಿಟಕಿಯ ಕಡೆ ತಿರುಗಿದರು.

ಭಾನುವಾರ ಹೋದೆವು. ಅಪ್ಪ ಬಾಗಿಲಲ್ಲೇ ನಿಂತಿದ್ದ, ಒಳಗೆ ಕರೆಯಲಿಲ್ಲ. “ನೀವೇ ಅಲ್ವೇನ್ರಮ್ಮ ಸೈನ್ಸ್ ಕೊಡ್ಸಿದ್ದು? ಆರ್ಟ್ಸ್ ಆಗಿದ್ರೆ ಪಾಸಾಗಿರ್ತಿದ್ಲು. ಈಗೇನ್ ಮಾಡಾನ ಯೋಳಿ.”

ಮೇಡಂ ಹಸುವಿನ ಮಾತು ಹೇಳಿದರು. ಅವನು ತಲೆಯಾಡಿಸಿದ. “ಅಸ ಬ್ಯಾರೆ, ಎಣ್ಮಕ್ಳು ಬ್ಯಾರೆ ಕಣ್ರಮ್ಮ. ಅವ್ಳು ಮನೇಲಿಲ್ಲ. ಬಟ್ಟೆ ತರಕ್ಕೆ ಆಸ್ನಕ್ಕೆ ಓಗವ್ಳೆ.”

ತಿರುಗಿ ಬರುವಾಗ ಬಸ್ಸಿನಲ್ಲಿ ಮೇಡಂ, “ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು, ನೋಡಿದ್ರಾ? ಬರಿಗಾಲಲ್ಲಿ ಹಾಸನಕ್ಕೆ ಹೋಗಿದಾಳೆ” ಎಂದರು. ನಾನು ನಗಲು ಹೋಗಿ ಅವರ ಮುಖ ನೋಡಿ ನಿಲ್ಲಿಸಿದೆ.

ಚೈತ್ರಳಿಗೆ ಮದುವೆಯಾಯಿತು, ಅಲ್ಲೇ ಪಕ್ಕದ ಊರಿಗೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಒಂದು ಹೆಣ್ಣು ಮಗುವಾಯಿತು. ಮೇಡಂ ನಿವೃತ್ತರಾದರು. ಆಗಾಗ ಹೊಳೆನರಸೀಪುರಕ್ಕೆ ಬಂದರೆ ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಹಾಗೆ ಬಂದಿದ್ದ ಒಂದು ದಿನ ಅವರನ್ನು ಬಸ್ಸು ಹತ್ತಿಸಲು ನಾನೂ ಸ್ಟ್ಯಾಂಡಿಗೆ ಹೋಗಿದ್ದೆ. ಅಲ್ಲಿ ಚೈತ್ರ, ಸೊಂಟದಲ್ಲಿ ಮಗು, ಕೈಯಲ್ಲಿ ಆಸ್ಪತ್ರೆಯ ಔಷಧಿ. ನಮ್ಮನ್ನು ನೋಡಿ ಕಂಬದ ಮರೆಗೆ ಸರಿದಳು. ಮೇಡಂ ಆ ಕಂಬದ ಹತ್ತಿರಕ್ಕೇ ಹೋದರು.

“ಉಳಿದಿದ್ದು ಯಾಕೆ ಬರೀಲಿಲ್ಲ?”

“ಮಗೀನ್ ಇಟ್ಕಂಡು ಆರೂ ಎಂಗ್ ಬರಿಯದು ಮೇಡಂ?”

“ಆರು ಯಾರು ಹೇಳಿದ್ರು?”

“ಎಲ್ರೂವೆ ಯೋಳುದ್ರು.”

“ಎಲ್ರಿಗೂ ಗೊತ್ತಿಲ್ಲ. ಒಂದೇ ಬರಿಯೋದು. ಐದು ನಿಂದೇ. ಅವತ್ತೂ ನಿಂದೇ, ಇವತ್ತೂ ನಿಂದೇ. ಯಾರೂ ವಾಪಸ್ ಇಸ್ಕೊಂಡಿಲ್ಲ.”

ಚೈತ್ರ ಬಾಯಿ ತೆರೆದು ನಿಂತುಬಿಟ್ಟಳು. ಅವಳ ಊರಿನ ಬಸ್ಸು ಹಾರನ್ ಹೊಡೆಯಿತು. ಕಂಡಕ್ಟರ್ ಕೂಗಿದ. ಅವಳು ಕದಲಲಿಲ್ಲ, ಮೇಡಂ ಕೂಡ ಹೋಗೆನ್ನಲಿಲ್ಲ. ಬಸ್ಸು ಹೊರಟೇಹೋಯಿತು. ಅವರು ಒಬ್ಬ ಹುಡುಗಿಗೆ ಬಸ್ಸು ತಪ್ಪಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವಳ ಗಂಡನ ಊರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಜಾಗ ಖಾಲಿಯಾಗುವುದರಲ್ಲಿತ್ತು. ಅದಕ್ಕೆ ಪಿಯುಸಿ ಪಾಸಾಗಿರಬೇಕು. ಸೈನ್ಸೋ ಆರ್ಟ್ಸೋ ಯಾರೂ ಕೇಳುವುದಿಲ್ಲ, ಪಾಸಾಗಿರಬೇಕು, ಅಷ್ಟೆ. ಮನೆ ಬಾಗಿಲಿನ ಕೆಲಸ, ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಗಂಡ ಒಪ್ಪಿದ. ಅತ್ತೆ, “ಮಗೀಗೆ ಆಲು ಕುಡ್ಸಕ್ಕೆ ಕೆಮಿಸ್ಟ್ರಿ ಬೇಕಾ?” ಎಂದು ಮೂರು ದಿನ ಅಂದು, ನಾಲ್ಕನೇ ದಿನ ಮಗುವನ್ನು ತಾನೇ ಎತ್ತಿಕೊಂಡಳಂತೆ.

ಭಾನುವಾರಗಳಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಪಾಠ ನಡೆಯಿತು. ಅರಕಲಗೂಡಿನಿಂದ ಅವರು, ಹಳೇಕೋಟೆ ಕಡೆಯಿಂದ ಇವಳು. ಜೀವಮಾನವಿಡೀ “ಇಂಪಾರ್ಟೆಂಟ್ ಕೊಡಿ ಮೇಡಂ” ಎಂದವರನ್ನು ಬೈದು ಕಳಿಸಿದ್ದವರು ಈಗ ತಾವೇ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. “ಇದು ಬಿಡು. ಇದೂ ಬಿಡು. ಇದನ್ನ ಮಾತ್ರ ಗಟ್ಟಿ ಮಾಡ್ಕೊ.” ನಾನು ಅಡುಗೆಮನೆಯಿಂದ ನಕ್ಕೆ. “ನಗ್ಬೇಡಿ. ಲ್ಯಾಬಿನ ಕೆಮಿಸ್ಟ್ರಿ ಬೇರೆ, ಇದು ಮಗು ಮಲಗೋಷ್ಟರಲ್ಲಿ ಮುಗಿಸೋ ಕೆಮಿಸ್ಟ್ರಿ” ಎಂದರು.

ಒಂದು ಭಾನುವಾರ ಚೈತ್ರ ಕೇಳಿಯೇಬಿಟ್ಟಳು. “ಮೇಡಂ, ನನ್ಗ್ ಯಾಕೆ ಸೈನ್ಸ್ ಕೊಡ್ಸುದ್ರಿ? ಆರ್ಟ್ಸ್ ಆಗಿದ್ರೆ ಇಷ್ಟೊತ್ತಿಗೆ ಮುಗ್ದೋಗಿರದು.”

ಒಲೆಯ ಮೇಲಿನ ಹಾಲು ನೋಡುತ್ತಿದ್ದ ನಾನು ತಿರುಗಿ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ನಿನ್ನ ಕೈಲಾಗುತ್ತೆ ಅನ್ಕೊಂಡೆ. ನಿಮ್ಮಪ್ಪ ನಿಶ್ಚಿತಾರ್ಥ ಇಡ್ತಾರೆ ಅಂತ ಅನ್ಕೊಂಡಿರ್ಲಿಲ್ಲ. ಅಷ್ಟು ನಾನು ಯೋಚ್ನೆ ಮಾಡ್ಬೇಕಾಗಿತ್ತು.” ಕನ್ನಡಕ ಹಾಕಿಕೊಂಡರು. “ಆದ್ರೆ ನಿನ್ನ ಕೈಲಾಗುತ್ತೆ ಅಂತ ಈಗ್ಲೂ ಅನ್ಕೊಂಡಿದೀನಿ. ಪುಟ ತಿರುವು.”

ಆ ಹೊತ್ತಿಗಾಗಲೇ ಅವರ ಪಾದ ಊದಿಕೊಳ್ಳುತ್ತಿದ್ದವು. ಕಿಡ್ನಿ ಎಂದರು ಡಾಕ್ಟರು. ಹಾಸನಕ್ಕೆ ಡಯಾಲಿಸಿಸ್‌ಗೆ ಓಡಾಟ ಶುರುವಾಯಿತು. ನಮ್ಮ ಮನೆಯ ಪಾಠ ನಿಂತು ಫೋನಿನಲ್ಲಿ ನಡೆಯಿತು. ಆಸ್ಪತ್ರೆಯ ಮಂಚದ ಮೇಲೆ ಮಲಗಿಯೂ ಹೇಳಿಕೊಡುತ್ತಿದ್ದರು. ಒಮ್ಮೆ ನಾನು ನೋಡಲು ಹೋದಾಗ ನರ್ಸ್ ಗದರುತ್ತಿದ್ದಳು: “ಅಮ್ಮ, ಕೈ ಆಡುಸ್ಬೇಡಿ, ಸೂಜಿ ಐತೆ.”

“ಕೈ ಆಡಿಸ್ದೆ ಕೆಮಿಸ್ಟ್ರಿ ಹೆಂಗ್ ಹೇಳ್ಕೊಡ್ಲಿ ಕಣಮ್ಮ?”

ನಡುವೆ ಉಸಿರು ಸಾಲದೆ “ಒಂದ್ನಿಮ್ಷ” ಎಂದು ಫೋನನ್ನು ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆ ಕಡೆ ಹುಡುಗಿ ಕಾಯುತ್ತಿದ್ದಳು. ಆಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತಿತ್ತು.

ಈಗ ಪಿಯುಸಿಗೆ ವರ್ಷಕ್ಕೆ ಮೂರು ಸಲ ಪರೀಕ್ಷೆ. ಈ ವರ್ಷದ ಮೊದಲ ಪರೀಕ್ಷೆಯ ದಿನ ಮಗುವಿಗೆ ಜ್ವರ, ಚೈತ್ರ ಬರೆಯಲಾಗಲಿಲ್ಲ. ಎರಡನೆಯದರಲ್ಲಿ ಸ್ವಲ್ಪದರಲ್ಲಿ ಹೋಯಿತು. ಮೂರನೆಯದು ಈ ವರ್ಷದ ಕೊನೆಯದು. ಅದಾದರೆ ಅಂಗನವಾಡಿಗೆ ಅರ್ಜಿ ಹಾಕಬಹುದು. ಆಗದಿದ್ದರೆ ಆ ಜಾಗಕ್ಕೆ ಬೇರೆ ಯಾರೋ ಬರುತ್ತಾರೆ, ಮತ್ತೆ ಅದು ಖಾಲಿಯಾಗುವುದು ಯಾವ ಕಾಲಕ್ಕೋ.

ಆ ಮೂರನೆಯ ಪರೀಕ್ಷೆಯ ಕೆಮಿಸ್ಟ್ರಿ ಪೇಪರಿನ ದಿನ ಬೆಳಿಗ್ಗೆಯೇ ಆ ಫೋನ್ ಬಂದದ್ದು.

ಮಾಡಿದವರು ಮೇಡಂ ತಮ್ಮನ ಹೆಂಡತಿ. “ಬೆಳಗಿನ ಜಾವ ಓಗ್ಬುಟ್ರು ಕಣಕ್ಕಾ. ಮಲಗಿದಂಗೇ ಇದ್ರು. ಮಧ್ಯಾಹ್ನದ್ ಮ್ಯಾಲೆ ಮಣ್ಣು. ಮೈಸೂರ್ನೋರು ಬರ್ಬೇಕು.”

ನನಗೆ ಅಳು ಬರಲಿಲ್ಲ. ಚೈತ್ರ ಈಗ ಬಸ್ಸು ಹತ್ತಿರುತ್ತಾಳೆ ಎಂಬುದು ಮೊದಲು ಹೊಳೆಯಿತು. ಆಮೇಲೆ ಅಳು ಬಂತು. ಇಸ್ತ್ರಿ ಮಾಡಿದ ಸೀರೆಯನ್ನೇ ಉಟ್ಟುಕೊಂಡು ಪರೀಕ್ಷಾ ಕೇಂದ್ರಕ್ಕೆ ಹೋದೆ. ಊರಿನ ಇನ್ನೊಂದು ಕಾಲೇಜಿನಲ್ಲಿ ಕೇಂದ್ರ. ಅಲ್ಲಿಯ ಮುಖ್ಯ ಅಧೀಕ್ಷಕರೂ ಮೇಡಂನ ಬಲ್ಲವರೇ. “ನೀವು ಹೊರಡಿ, ಬೇರೆಯವರನ್ನ ಹಾಕ್ತೀನಿ” ಎಂದರು. ಪರೀಕ್ಷೆ ಮುಗಿಸಿಯೇ ಹೋಗುತ್ತೇನೆ, ಆ ಹುಡುಗಿಗೆ ಮಾತ್ರ ಯಾರೂ ಹೇಳಬಾರದು ಎಂದೆ. ಅವರು ಒಪ್ಪಿದರು. ಗೇಟಿನ ವಾಚ್‌ಮನ್‌ಗೂ, ನೀರು ಕೊಡುವ ಆಯಾಗೂ ಹೇಳಿಬಂದೆ. ಇಡೀ ಕಾಲೇಜು ಒಬ್ಬಳಿಂದ ಒಂದು ಸುದ್ದಿ ಮುಚ್ಚಿಟ್ಟುಕೊಂಡು ನಿಂತಿತು.

ಮೂರನೆಯ ಪರೀಕ್ಷೆಗೆ ಜನ ಕಡಿಮೆ, ಎರಡೇ ಕೋಣೆ. ಚೀಟಿ ಎತ್ತಿದಾಗ ಅವಳಿದ್ದ ಕೋಣೆಯೇ ನನಗೆ ಬಂತು. ಅವತ್ತು ಬಸ್ಸಿನ ಬದಲು ಗಂಡನೇ ಆಟೋದಲ್ಲಿ ತಂದು ಬಿಟ್ಟಿದ್ದ. ಬಂದಳು. ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಆದಷ್ಟು ಸಾಧಾರಣವಾಗಿ, “ನಿಧಾನಕ್ಕೆ ಬರಿ” ಎಂದೆ.

ಪ್ರಶ್ನೆಪತ್ರಿಕೆ ಕೊಟ್ಟೆ. ಅವಳು ಒಂದು ಸಲ ಪೂರ್ತಿ ಓದಿದಳು. ಕಣ್ಣು ಮುಚ್ಚಿದಳು. ಆಮೇಲೆ ಬರೆಯತೊಡಗಿದವಳು ತಲೆ ಎತ್ತಲಿಲ್ಲ. ನಡುನಡುವೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು, ಯಾವುದನ್ನೋ ಅಲ್ಲಿಂದ ಇಲ್ಲಿಗೆ ಕೂಡಿಸಿದಂತೆ. ಅದು ಮೇಡಂನ ಕೈ. ನಾನು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತೆ.